ಪುಣ್ಯದ ಪುಸ್ತಕಕ್ಕೆ ದುಡ್ಡು ಕೊಟ್ಟವರು ಯಾರು?

ಸಾವಿರ ಪ್ರತಿ ಬರೆಸಿದ ಅತ್ತಿಮಬ್ಬೆಯಿಂದ ಮನೆ ಮಾರಿದ ಹಳಕಟ್ಟಿಯವರೆಗೆ, ಕನ್ನಡದಲ್ಲಿ ಧರ್ಮಗ್ರಂಥಗಳು ಬೆಳಕು ಕಂಡದ್ದು ಹೆಚ್ಚಾಗಿ ಯಾರದೋ ದಾನದಿಂದ. ಕಾಗದಕ್ಕೆ, ಮಸಿಗೆ, ಯಂತ್ರಕ್ಕೆ ದಾನಿಗಳು ಸಿಕ್ಕಿದ್ದಾರೆ. ಅಕ್ಷರ ತಿದ್ದುವವನ ಕೂಲಿ ಮಾತ್ರ ಅಪರೂಪಕ್ಕೆ ಲೆಕ್ಕಕ್ಕೆ ಬಂದಿದೆ.

ಹಳೇ ಮದ್ರಾಸ್ ರಸ್ತೆಗೆ ಅಂಟಿಕೊಂಡ ಕಲ್ಯಾಣ ಮಂಟಪ. ಕೃಷ್ಣರಾಜಪುರದ ತೂಗು ಸೇತುವೆಯ ಕಡೆಯಿಂದ ಬಸ್ಸಿನ ಹಾರ್ನು ಊಟದ ಮನೆಯವರೆಗೂ ಕೇಳುತ್ತಿದೆ. ವೈಕುಂಠ ಸಮಾರಾಧನೆಯ ಎರಡನೇ ಪಂಕ್ತಿ ಎದ್ದಿದೆ. ಮೆಟ್ಟಿಲ ಬುಡದಲ್ಲಿ ನಿಂತ ಹಿರಿಮಗ, ಹೊರಟವರ ಕೈಗೆಲ್ಲ ಒಂದೊಂದು ಪುಟ್ಟ ಪುಸ್ತಕ ಇಡುತ್ತಿದ್ದಾನೆ.

ಅಂಗೈಯಗಲದ ವಿಷ್ಣು ಸಹಸ್ರನಾಮ. 32 ಪುಟ, ನಡುವೆ ಎರಡು ಪಿನ್ನು, ಹೊಳಪಿನ ರಕ್ಷಾಪುಟ. ಹಿಂಬದಿಯಲ್ಲಿ ತೀರಿಕೊಂಡವರ ಫೋಟೊ, ಎಂದೋ ಐ.ಟಿ.ಐ. ಕಾರ್ಖಾನೆಯ ಗುರುತಿನ ಚೀಟಿಗೆ ತೆಗೆಸಿದ್ದಿರಬೇಕು, ಕಾಲರಿನ ಗುಂಡಿ ಬಿಗಿಯಾಗಿದೆ. ಕೆಳಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರು. ಬೆಲೆ ಇರಬೇಕಾದ ಜಾಗದಲ್ಲಿ ‘ಉಚಿತ ಹಂಚಿಕೆಗಾಗಿ’.

ವಯಸ್ಸಾದವರೊಬ್ಬರು ಅಲ್ಲೇ ಕನ್ನಡಕ ಏರಿಸಿ ಪುಟ ತಿರುವುತ್ತಾರೆ.

“ಅಲ್ಲೋ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಅದಲುಬದಲು ಆಗಿದೆಯಲ್ಲ. ಯಾರು ನೋಡಿದ್ರು ಇದನ್ನ?”

“ಪ್ರೆಸ್ಸಿನವರೇ ನೋಡ್ಕೋತೀವಿ ಅಂದ್ರು ದೊಡ್ಡಪ್ಪ. ಹನ್ನೆರಡು ದಿನದಲ್ಲಿ ಕೈಗೆ ಬರಬೇಕಿತ್ತಲ್ಲ...”

ದೊಡ್ಡಪ್ಪ ಮಾತು ಬೆಳೆಸುವುದಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಇಳಿಸುತ್ತಾರೆ.

ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಇಂಥ ಪುಸ್ತಕ ಇಲ್ಲದ ದೇವರ ಮನೆ ಕಡಿಮೆ. ಒಂದರ ಮೇಲೊಂದು ಬಿದ್ದಿರುವ ಈ ಪುಸ್ತಕಗಳಿಗೆ ಯಾರೂ ದುಡ್ಡು ಕೊಟ್ಟಿಲ್ಲ, ಅಂದರೆ ಓದುವವರು ಕೊಟ್ಟಿಲ್ಲ. ಕೊಟ್ಟವರ ಹೆಸರು ಹಿಂಬದಿಯಲ್ಲಿದೆ.

ಜುಲೈ 2 ಬಂತೆಂದರೆ ರಾಜ್ಯದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನ, ಫ.ಗು. ಹಳಕಟ್ಟಿಯವರು ಹುಟ್ಟಿದ ದಿನ. ಧರ್ಮದ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಯಾರು, ಏಕೆ, ಎಷ್ಟು ಕೊಟ್ಟರು ಎಂಬ ಲೆಕ್ಕ ತೆಗೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಅಪ್ಪ ಅಮ್ಮನ ಹೆಸರಲ್ಲಿ

ತಂದೆ ತಾಯಿಯ ಹೆಸರಿನಲ್ಲಿ ಪುಸ್ತಕ ಹಂಚುವುದು ನಮ್ಮ ಬಡಾವಣೆಗಳು ಕಂಡುಹಿಡಿದದ್ದಲ್ಲ. ತಾರೀಖು ನಮೂದಾಗಿರುವ, ಜಗತ್ತಿನ ಅತಿ ಹಳೆಯ ಪೂರ್ಣ ಮುದ್ರಿತ ಪುಸ್ತಕವೇ ಅಂಥದ್ದು. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ‘ವಜ್ರಸೂತ್ರ’ದ ಸುರುಳಿ ಅದು. ಸಂಸ್ಕೃತದ ಬೌದ್ಧ ಸೂತ್ರ, ಚೀನೀ ಅನುವಾದದಲ್ಲಿ, ಮರದ ಅಚ್ಚಿನಲ್ಲಿ. ಕೊನೆಯಲ್ಲಿ ದಾನಿಯ ಟಿಪ್ಪಣಿ ಇದೆ: ವಾಂಗ್ ಜಿಯೆ ಎಂಬವನು ತನ್ನ ತಂದೆ ತಾಯಿಯ ಪರವಾಗಿ ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದು. ತಾರೀಖು ಕ್ರಿ.ಶ. 868ರ ಮೇ 11ಕ್ಕೆ ಹೊಂದುತ್ತದೆ.

ಅದಾಗಿ ನೂರು ವರ್ಷ ಕಳೆಯುವ ಹೊತ್ತಿಗೆ ಕನ್ನಡ ನಾಡಿನಲ್ಲಿ ಇದೇ ಕೆಲಸ ತಾಳೆಗರಿಯಲ್ಲಿ ನಡೆಯುತ್ತಿತ್ತು. ಮಲ್ಲಪ್ಪ ಮತ್ತು ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರರ ನೆನಪಿಗೆ ಪೊನ್ನನಿಂದ ‘ಶಾಂತಿಪುರಾಣ’ ಬರೆಸಿದರು. ಆ ಮಲ್ಲಪ್ಪನ ಮಗಳು ಅತ್ತಿಮಬ್ಬೆ. ಯುದ್ಧದಲ್ಲಿ ಗಂಡ ನಾಗದೇವನನ್ನು ಕಳೆದುಕೊಂಡ ಮೇಲೆ ದಾನಧರ್ಮಕ್ಕೇ ಬದುಕು ಮುಡಿಪಿಟ್ಟಾಕೆ. ಕಾವ್ಯ ಕಣ್ಮರೆಯಾಗಬಾರದೆಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು.

ಸಾವಿರ ಪ್ರತಿ ಎಂದರೆ ಸಾವಿರ ಸಲ ಬರೆಯುವುದು. ಗರಿ ಹದ ಮಾಡಿ, ಕಂಠವೆಂಬ ಕಬ್ಬಿಣದ ಕಡ್ಡಿಯಿಂದ ಕೊರೆದು, ಮಸಿ ಸವರಿ, ದಾರ ಪೋಣಿಸಿ, ಮತ್ತೆ ಮೊದಲಿನಿಂದ. ಆಕೆಯ ಖರ್ಚಿನ ಬಹುಪಾಲು ಬರೆಯುವ ಕೈಗಳಿಗೇ ಹೋಗಿರಬೇಕು. ಲಿಪಿಕಾರನೇ ಅಲ್ಲಿ ಯಂತ್ರ, ಲಿಪಿಕಾರನೇ ತಿದ್ದುವವನು. ಅಚ್ಚಿನ ಯಂತ್ರ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು.

---

ಬಾಕ್ಸ್: ನಾಲ್ಕು ದಾನಗಳಲ್ಲಿ ಒಂದು

■ ಜೈನರು ಹೇಳುವ ಚತುರ್ವಿಧ ದಾನ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಗ್ರಂಥದ ಪ್ರತಿ ಮಾಡಿಸಿ ಕೊಡುವುದು ಅನ್ನ, ಔಷಧದಷ್ಟೇ ದೊಡ್ಡ ಪುಣ್ಯ.

■ ರನ್ನನ ‘ಅಜಿತಪುರಾಣ’ಕ್ಕೂ (ಕ್ರಿ.ಶ. 993) ಅತ್ತಿಮಬ್ಬೆಯೇ ಆಶ್ರಯ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಆಕೆ ಕಟ್ಟಿಸಿದ್ದು.

---

ವಾರಕ್ಕೊಂದು ಪೆನ್ನಿ

1800ರಲ್ಲಿ ವೇಲ್ಸ್ ನಾಡಿನ ಬಡ ನೇಕಾರರ ಮಗಳು ಮೇರಿ ಜೋನ್ಸ್, ಹದಿನೈದರ ಹುಡುಗಿ, ವರ್ಷಗಟ್ಟಲೆ ಕೂಡಿಟ್ಟ ಕಾಸು ಹಿಡಿದು ಸುಮಾರು 40 ಕಿಲೊಮೀಟರ್ ನಡೆದಳು. ತನ್ನ ವೆಲ್ಷ್ ಭಾಷೆಯ ಬೈಬಲ್ ಕೊಳ್ಳಲು. ಪಾದ್ರಿಯ ಬಳಿ ಪ್ರತಿಗಳು ಹೆಚ್ಚುಕಡಿಮೆ ಮುಗಿದಿದ್ದವು. ಆ ಹುಡುಗಿಯ ಕಥೆ ಲಂಡನ್ ಮುಟ್ಟಿತು. 1804ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಹುಟ್ಟಿತು.

ಸೊಸೈಟಿಯ ಚಾತುರ್ಯ ಇದ್ದದ್ದು ದುಡ್ಡು ಎತ್ತುವ ಬಗೆಯಲ್ಲಿ. ಶ್ರೀಮಂತರ ದೇಣಿಗೆ ಒಂದು ಕಡೆ. ಊರೂರಿನ ಸಂಘಗಳಲ್ಲಿ ಕೂಲಿಕಾರರು, ಮನೆಗೆಲಸದವರು ವಾರಕ್ಕೊಂದು ಪೆನ್ನಿಯಂತೆ ಕಟ್ಟುವ ಚಂದಾ ಇನ್ನೊಂದು ಕಡೆ. ಬೇರೆ ಬೇರೆ ಪಂಗಡದವರು ಒಂದೇ ಹುಂಡಿಗೆ ಹಾಕಬೇಕಲ್ಲ? ಅದಕ್ಕೊಂದು ಷರತ್ತು: ಪುಸ್ತಕದಲ್ಲಿ ಮೂಲ ಪಾಠ ಮಾತ್ರ, ಟಿಪ್ಪಣಿ ವ್ಯಾಖ್ಯಾನ ಯಾವುದೂ ಕೂಡದು. ವ್ಯಾಖ್ಯಾನ ಬಂದರೆ ಜಗಳ, ಜಗಳ ಬಂದರೆ ಚಂದಾ ನಿಲ್ಲುತ್ತದೆ. ಪುಟದ ಮೇಲೆ ಏನಿರಬೇಕು, ಏನಿರಬಾರದು ಎಂಬುದನ್ನು ಹಣದ ಮೂಲ ಹೀಗೆ ಗೊತ್ತುಮಾಡಿತು.

ಆ ದುಡ್ಡು ಕನ್ನಡಕ್ಕೂ ಹರಿಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕುಳಿತರು. ಜೊತೆಗೆ ವಿಲಿಯಂ ರೀವ್ ಸೇರಿಕೊಂಡರು. ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1830ರ ದಶಕ ಬಂದಿತ್ತು. ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷ ಅನುವಾದಕನ ಅನ್ನದ ಖರ್ಚನ್ನು ಒಂದು ಸಂಸ್ಥೆ ಹೊತ್ತಿತು ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು. ಅದೇ ದುಡಿಮೆಯ ಬೆನ್ನಲ್ಲಿ ರೀವ್ ಅವರ ನಿಘಂಟುಗಳೂ ಬಂದವು.

ಬೆಂಕಿಯೂ ಈ ಕಥೆಯಲ್ಲಿದೆ. ಕಲ್ಕತ್ತೆ ಬಳಿಯ ಸೆರಾಂಪುರದಲ್ಲಿ ವಿಲಿಯಂ ಕೇರಿ ಕೂಡ ಕನ್ನಡ ಅನುವಾದಕ್ಕೆ ಕೈ ಹಾಕಿದ್ದರು. 1812ರ ಮಾರ್ಚ್ 11ರ ಸಂಜೆ ಅಲ್ಲಿನ ಅಚ್ಚುಕೂಟ ಹೊತ್ತಿ ಉರಿಯಿತು. ಕಾಗದದ ರಾಶಿ, ಹಲವು ಭಾಷೆಗಳ ಮೊಳೆ, ಕನ್ನಡದ ಹಸ್ತಪ್ರತಿ ಎಲ್ಲ ಬೂದಿ. ಸುದ್ದಿ ಮುಟ್ಟಿದ ಎರಡೇ ತಿಂಗಳೊಳಗೆ ಬ್ರಿಟನ್ನಿನಲ್ಲಿ ಸುಮಾರು 10,000 ಪೌಂಡ್ ಸೇರಿತು. ಕರಗಿದ ಸೀಸವನ್ನು ಬಗೆದು ತೆಗೆದು ಮೊಳೆ ಮತ್ತೆ ಎರಕ ಹೊಯ್ದರು. ಸುಟ್ಟ ಕನ್ನಡ ಹಾಳೆಗಳನ್ನು ಮಾತ್ರ ಯಾವ ಪೌಂಡೂ ಮರಳಿ ತರುವಂತಿರಲಿಲ್ಲ. ಕೂತು ಮತ್ತೆ ಬರೆಯಬೇಕಾಯಿತು.

ಮಿಷನ್ ಪ್ರೆಸ್ಸಿನಲ್ಲಿ ಭಗವದ್ಗೀತೆ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯಿಂದ ಕೃಷ್ಣರಾಜಪುರದ ಮೇಲೆ ಹಾದು ದಂಡಿನ ನಿಲ್ದಾಣಕ್ಕೆ. ಅದಕ್ಕೂ ಮೊದಲು ಮದರಾಸಿನ ಸರಕು ದಂಡಿಗೆ ಬರುತ್ತಿದ್ದದ್ದು ಎತ್ತಿನ ಬಂಡಿಯಲ್ಲಿ. ಆ ಬಂಡಿಗಳ ಕಾಲದಲ್ಲೇ ವೆಸ್ಲಿಯನ್ ಮಿಷನ್ ಬೆಂಗಳೂರಿನಲ್ಲಿ ಸ್ವಂತ ಅಚ್ಚುಕೂಟ ತೆರೆದಿತ್ತು. ಅದರ ಜವಾಬ್ದಾರಿ ಹೊತ್ತ ಪಾದ್ರಿ ಜಾನ್ ಗ್ಯಾರೆಟ್.

1849ರಲ್ಲಿ ಆ ಪ್ರೆಸ್ಸಿನಿಂದ ಹೊರಬಂದ ಒಂದು ಪುಸ್ತಕ ಇವತ್ತಿಗೂ ಹುಬ್ಬೇರಿಸುತ್ತದೆ: ಭಗವದ್ಗೀತೆ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕದ ಕಂಬಸಾಲುಗಳಲ್ಲಿ. ಇಂಗ್ಲಿಷ್ ಪಾಠ ಚಾರ್ಲ್ಸ್ ವಿಲ್ಕಿನ್ಸ್ ಅವರದು. ಕೊನೆಯಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಗೀತೆಯ ಮೇಲೆ ಬರೆದ ಪ್ರಬಂಧ, ಬಾಸೆಲ್ ಮಿಷನ್ನಿನ ವೈಗ್ಲೆ ಮಾಡಿದ ಅನುವಾದದಲ್ಲಿ. ಬೈಬಲ್ ಹಂಚಲು ಬಂದ ಯಂತ್ರದ ಮೇಲೆ ಗೀತೆ! ಅದೇ 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಣದಲ್ಲಿ ಮ್ಯಾಕ್ಸ್ ಮುಲ್ಲರ್ ಅವರ ಋಗ್ವೇದದ ಮೊದಲ ಸಂಪುಟ ಇಂಗ್ಲೆಂಡಿನಲ್ಲಿ ಬಂತು.

ಮಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಸಾಹಸ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆ ತಂದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಕಲ್ಲಚ್ಚಿನಲ್ಲಿ ಮೂಡಿದವು. ಖರ್ಚಿಗೆ ನಿಂತವರು ಕ್ಯಾಸಮೈಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ. ಶಿವಶರಣರ ಕಥೆ, ಹರಿದಾಸರ ಹಾಡು ಅಚ್ಚಿಗೆ ಏರಿದ್ದು ಕ್ರೈಸ್ತ ಪ್ರೆಸ್ಸಿನಲ್ಲಿ, ಇಂಗ್ಲಿಷ್ ಅಧಿಕಾರಿಯ ದುಡ್ಡಿನಲ್ಲಿ. ಊರಿನ ಮಠಮಾನ್ಯಗಳು ಹಸ್ತಪ್ರತಿ ಕಟ್ಟುಗಳನ್ನು ಪೂಜೆಗೆ ಇಟ್ಟುಕೊಂಡಿದ್ದ ಕಾಲ ಅದು.

1923: ಎರಡು ಊರು, ಎರಡು ಲೆಕ್ಕ

ಇನ್ನು ಮುಖ್ಯ ಕಥೆಗೆ ಬರೋಣ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ, 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವಿಜಯಪುರದಲ್ಲಿ ವಕೀಲರು. ಕೋರ್ಟು ಮುಗಿದ ಮೇಲೆ ಅವರ ಕೆಲಸ ಮನೆಮನೆ, ಮಠಮಠ ಸುತ್ತಿ ವಚನದ ಓಲೆಗರಿ ಹುಡುಕುವುದು. ಅಲ್ಲಿಯವರೆಗೆ ವಿದ್ವಾಂಸರ ಪಟ್ಟಿಯಲ್ಲಿ ಐವತ್ತರ ಆಸುಪಾಸಿನಲ್ಲಿದ್ದ ವಚನಕಾರರ ಹೆಸರು ಇವರ ಹುಡುಕಾಟದಿಂದ ಇನ್ನೂರು ದಾಟಿತು.

ಕೂಡಿಸಿದ್ದನ್ನು ಅಚ್ಚು ಹಾಕಿಸಬೇಕಲ್ಲ? ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸು ಬಂತು ಎಂಬುದು ಅವರ ಜೀವನಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು. ಕೊನೆಗೆ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಒಂದು ಪುಸ್ತಕ ಬಂತು, ಮುಂದೆ? ಕಟ್ಟುಗಟ್ಟಲೆ ವಚನ ಬಾಕಿ. ಪ್ರತಿ ಸಲ ಇನ್ನೊಬ್ಬರ ಪ್ರೆಸ್ಸಿನ ಬಾಗಿಲು ಕಾಯಲಾಗದು. 1925ರಲ್ಲಿ ಹಳಕಟ್ಟಿ ಇದ್ದ ಮನೆ ಮಾರಿದರು. ಬಂದ ಹಣದಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ನಿಂತಿತು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಅದರಲ್ಲಿ ವಚನ ಸರಣಿಯಾಗಿ ಬರುವುದು, ಆಮೇಲೆ ಪುಸ್ತಕವಾಗುವುದು.

ಇವರು ದುಡ್ಡಿನ ವ್ಯವಹಾರ ತಿಳಿಯದ ಸಾಧುವಲ್ಲ ಎಂಬುದನ್ನು ನೆನಪಿಡಬೇಕು. ವಿಜಯಪುರದ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ 1910ರಲ್ಲಿ, ಸಿದ್ಧೇಶ್ವರ ಸಹಕಾರಿ ಬ್ಯಾಂಕು 1912ರಲ್ಲಿ ಎದ್ದು ನಿಂತದ್ದರ ಹಿಂದೆ ಇದ್ದವರು ಇವರೇ. ಊರಿಗೆ ಸಾಲ ಕೊಡುವ ಬ್ಯಾಂಕು ಕಟ್ಟಿದ ಮನುಷ್ಯ, ವಚನ ಅಚ್ಚು ಹಾಕಲು ಸ್ವಂತ ಸೂರು ಮಾರಿ ಬಾಡಿಗೆ ಮನೆ ಸೇರಿದರು. ಶಾಲೆಗೆ ದಾನಿ ಸಿಕ್ಕರು, ಬ್ಯಾಂಕಿಗೆ ಷೇರುದಾರರು ಸಿಕ್ಕರು. ಓಲೆಗರಿ ಓದಿ, ಪಾಠ ಹೋಲಿಸಿ, ಕರಡು ತಿದ್ದುವ ಕೆಲಸಕ್ಕೆ ಸಿಕ್ಕವರು ತಾವೊಬ್ಬರೇ.

ಅದೇ 1923ರಲ್ಲಿ ಗೋರಖಪುರದಲ್ಲಿ ಗೀತಾ ಪ್ರೆಸ್ ಶುರುವಾಯಿತು. ಅದರ ಮೂಲ ಕಥೆಯೂ ಕರಡಿನದೇ. ಜಯದಯಾಳ ಗೋಯಂದಕಾ ಎಂಬ ಮಾರವಾಡಿ ವ್ಯಾಪಾರಿ ಕಲ್ಕತ್ತೆಯ ಪ್ರೆಸ್ಸೊಂದರಲ್ಲಿ ಗೀತೆ ಅಚ್ಚು ಹಾಕಿಸಿದರಂತೆ. ತಪ್ಪೋ ತಪ್ಪು. ತಿದ್ದಿ ಎಂದರೆ, ಅಷ್ಟು ಶುದ್ಧ ಬೇಕಿದ್ದರೆ ನೀವೇ ಒಂದು ಪ್ರೆಸ್ ಹಾಕಿಕೊಳ್ಳಿ ಎಂಬ ಉತ್ತರ ಬಂತಂತೆ. ಹಾಕಿಕೊಂಡರು.

ಇಬ್ಬರ ಹಟವೂ ಒಂದೇ, ಲೆಕ್ಕ ಬೇರೆ. ಗೋರಖಪುರದ ಸಂಸ್ಥೆ ದೇಣಿಗೆ ಕೇಳುವುದಿಲ್ಲ, ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಬೀಳುವ ನಷ್ಟವನ್ನು ಬಟ್ಟೆ, ಆಯುರ್ವೇದ ಔಷಧಿಯಂಥ ತನ್ನದೇ ಬೇರೆ ವಿಭಾಗಗಳ ಲಾಭದಿಂದ ತುಂಬಿಕೊಳ್ಳುತ್ತದೆ. ಕನ್ನಡದಲ್ಲೂ ಅದರ ಪುಸ್ತಕಗಳು ಅಗ್ಗಕ್ಕೆ ಸಿಗುತ್ತವೆ. ವಿಜಯಪುರದ ಪ್ರೆಸ್ಸಿನ ನಷ್ಟ ತುಂಬುತ್ತಿದ್ದದ್ದು ಒಬ್ಬ ವಕೀಲರ ಜೇಬು. ಸುಮಾರು 35 ವರ್ಷ ಆ ಜೇಬು ‘ಶಿವಾನುಭವ’ವನ್ನು ನಡೆಸಿತು. ಹಳಕಟ್ಟಿ 1964ರ ಜೂನ್ 29ರಂದು ತೀರಿಕೊಂಡರು. ಬೆನ್ನಿಗೆ ವ್ಯಾಪಾರವಿದ್ದ ಪ್ರೆಸ್ಸು ಶತಮಾನ ದಾಟಿ ಓಡುತ್ತಿದೆ. ಬೆನ್ನಿಗೆ ಒಬ್ಬನೇ ಇದ್ದ ಪ್ರೆಸ್ಸಿಗೆ ಅಷ್ಟು ಆಯುಷ್ಯ ಇರಲಿಲ್ಲ.

---

ಬಾಕ್ಸ್: ಹಣ ಬಂದ ದಾರಿಗಳು

■ ಅರಮನೆ: ಜಯಚಾಮರಾಜೇಂದ್ರ ಒಡೆಯರ್ ಅವರ ಗ್ರಂಥರತ್ನಮಾಲೆಯಲ್ಲಿ ಸಾಯಣಭಾಷ್ಯ ಸಹಿತ ಋಗ್ವೇದ ಕನ್ನಡ ವಿವರಣೆಯೊಂದಿಗೆ 30ಕ್ಕೂ ಹೆಚ್ಚು ಸಂಪುಟಗಳಲ್ಲಿ ಬಂತು. ಅನುವಾದದ ಭಾರ ಹೊತ್ತವರು ಎಚ್.ಪಿ. ವೆಂಕಟರಾವ್.

■ ಸರ್ಕಾರ: ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತದ ಅಗ್ಗದ ಆವೃತ್ತಿ 1958ರಲ್ಲಿ, ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು 1993ರಲ್ಲಿ.

■ ಆಶ್ರಮ: 1920ರಲ್ಲಿ ಹುಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ, ಹೊಳೆನರಸೀಪುರದಿಂದ ಶಾಂಕರ ವೇದಾಂತವನ್ನು ಕನ್ನಡದಲ್ಲಿ ನೂರಾರು ಪುಸ್ತಕಗಳಾಗಿ ತಂದಿತು.

■ ಸಮಿತಿ: ಬಿ.ಡಿ. ಜತ್ತಿ 1964ರಲ್ಲಿ ಕಟ್ಟಿದ ಬೆಂಗಳೂರಿನ ಬಸವ ಸಮಿತಿ ವಚನಗಳನ್ನು 20ಕ್ಕೂ ಹೆಚ್ಚು ಭಾಷೆಗಳಿಗೆ ದಾಟಿಸಿತು.

■ ಸೊಸೈಟಿ: ಬೈಬಲ್ ಸೊಸೈಟಿ ಆಫ್ ಇಂಡಿಯಾದ ಕೇಂದ್ರ ಕಚೇರಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದೆ.

---

ಬಿಲ್ಲಿನಲ್ಲಿ ಇಲ್ಲದ ಬಾಬತ್ತು

ಕಾಟನ್‌ಪೇಟೆಯಲ್ಲೋ ಶಿವಾಜಿನಗರದಲ್ಲೋ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ ಪುಟ್ಟ ಸ್ತೋತ್ರದ ಪುಸ್ತಕಕ್ಕೆ ರೇಟು ಕೇಳಿ. “ಐನೂರಾ, ಸಾವಿರಾನಾ ಸಾರ್?” ಎಂಬುದು ಮೊದಲ ಪ್ರಶ್ನೆ. ಐನೂರಕ್ಕೆ ಹೇಳಿದ ರೇಟಿನ ಮೇಲೆ ಇನ್ನೊಂದಿಷ್ಟು ಸೇರಿಸಿದರೆ ಸಾವಿರ ಆಗಿಬಿಡುತ್ತದೆ. ಡಿಟಿಪಿ, ಪ್ಲೇಟು, ಯಂತ್ರ ಹೂಡುವ ಕೂಲಿ ಎರಡಕ್ಕೂ ಒಂದೇ. ಆಮೇಲೆ ಏರುವುದು ಕಾಗದ, ಬೈಂಡಿಂಗ್ ಮಾತ್ರ. ಹಾಗಾಗಿ ದಾನಿ ಸಾವಿರಕ್ಕೇ ಒಪ್ಪುತ್ತಾನೆ. ಸಾವಿರ ಎಂದರೆ ಪುಣ್ಯವೂ ದುಂಡಗೆ ಕಾಣುತ್ತದೆ.

ಕೊಟೇಶನ್ ಹಾಳೆಯಲ್ಲಿ ಕಾಗದದ ಜಿಎಸ್‌ಎಂ ಇರುತ್ತದೆ, ಲ್ಯಾಮಿನೇಷನ್ ಮ್ಯಾಟೋ ಗ್ಲಾಸಿಯೋ ಎಂದಿರುತ್ತದೆ, ಸೆಂಟರ್ ಪಿನ್ನಿನ ಕೂಲಿ ಇರುತ್ತದೆ. ಪ್ರೂಫ್ ಓದುವವನ ಕೂಲಿ ಎಂಬ ಸಾಲು ಹುಡುಕಿದರೂ ಸಿಗುವುದು ಕಷ್ಟ. ಹಳೆಯ ಫೈಲು ತೆರೆದು, ಫೋಟೊ ಬದಲಿಸಿ, ಹೆಸರು ಬದಲಿಸಿ ಓಡಿಸುತ್ತಾರೆ. ಹಳೆಯ ಫೈಲಿನ ತಪ್ಪು ಹೊಸ ದಾನಿಯ ಹೆಸರಿನಲ್ಲಿ ಮತ್ತೆ ಸಾವಿರ ಮನೆಗೆ ಹೋಗುತ್ತದೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸ್ಥಿತಿ ಬೇರೆ ಇತ್ತು. ಕನ್ನಡದ ಒತ್ತಕ್ಷರಗಳಿಗೆಂದು ನೂರಾರು ಖಾನೆಗಳ ಕೇಸು ಎದುರಿಗಿಟ್ಟುಕೊಂಡು ನಿಂತ ಕಾಂಪೋಸಿಟರ್ ಒಂದೊಂದು ಅಕ್ಷರ ಎತ್ತಿ ಜೋಡಿಸುತ್ತಿದ್ದ. ಕರಡು ತೆಗೆಯುವುದು, ಓದುವುದು, ತಿದ್ದುವುದು ಆ ಕೆಲಸದ ಭಾಗವೇ. ನಿಧಾನವೇ ಕಾವಲಿತ್ತು. ಕಂಪ್ಯೂಟರು ಆ ನಿಧಾನವನ್ನು ತೆಗೆದುಹಾಕಿತು. ಕಾವಲೂ ಜೊತೆಗೆ ಹೋಯಿತು.

ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಒಂದು ಮಾತು ನಿಚ್ಚಳ. ಬಾಳಿ ಉಳಿದ ಪುಸ್ತಕಗಳೆಲ್ಲ ಮನುಷ್ಯನ ಸಮಯಕ್ಕೆ ಯಾರಾದರೂ ದುಡ್ಡು ಕೊಟ್ಟಂಥವು. ಅತ್ತಿಮಬ್ಬೆ ಲಿಪಿಕಾರರಿಗೆ ಕೊಟ್ಟಳು. ಬೈಬಲ್ಲಿನ ಹಿಂದೆ ಅನುವಾದಕ್ಕೂ ಆಮೇಲಿನ ಪರಿಷ್ಕರಣೆಗೂ ಸಂಸ್ಥೆಗಳು ನಿಂತವು. ಮೈಸೂರಿನ ಋಗ್ವೇದಕ್ಕೆ ಅರಮನೆ ನಿಂತಿತು. ಹಳಕಟ್ಟಿಯವರ ವಿಷಯದಲ್ಲಿ ಕೊಡುವವರಿಲ್ಲದೆ ಅವರೇ ಕೊಟ್ಟರು.

ಒಂದು ಸಲ ತಿದ್ದಿದರೆ ಸಾಕು

ಈಗ ಕೆಲಸ ಮೊದಲಿಗಿಂತ ಸುಲಭ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಸುಮಾರು 20,000 ವಚನಗಳು ಹುಡುಕಿದರೆ ಸಿಗುವ ಹಾಗೆ ಯೂನಿಕೋಡಿನಲ್ಲಿವೆ. ಅದನ್ನು ಕಟ್ಟಿದವರು ಸ್ವಯಂಸೇವಕರು. ಅಡಿಪಾಯ ಸರ್ಕಾರ ತಂದ ಸಂಪುಟಗಳು. ಅದಕ್ಕೂ ಕೆಳಗಿನ ಅಡಿಪಾಯ ವಿಜಯಪುರದ ಬಾಡಿಗೆ ಮನೆ. ಒಬ್ಬರು ತಿದ್ದಿಟ್ಟದ್ದು ಮುಂದಿನವರಿಗೆ ಖರ್ಚಿಲ್ಲದೆ ಸಿಕ್ಕಿತು.

ಮನೆಮನೆಯ ಸ್ತೋತ್ರದ ಪುಸ್ತಕಕ್ಕೂ ಇದೇ ದಾರಿ ಸಾಕು. ವಿಷ್ಣು ಸಹಸ್ರನಾಮ, ಲಲಿತಾ ಸಹಸ್ರನಾಮ, ಆಯ್ದ ವಚನ, ದಾಸರ ಪದ ಎಂದು ಹತ್ತಿಪ್ಪತ್ತು ಪಾಠಗಳನ್ನು ಬಲ್ಲವರಿಂದ ಒಮ್ಮೆ ಓದಿಸಿ, ತಿದ್ದಿಸಿ, ಆ ಫೈಲನ್ನು ಯಾವ ಪ್ರೆಸ್ಸಾದರೂ ಇಳಿಸಿಕೊಳ್ಳುವಂತೆ ಇಟ್ಟುಬಿಟ್ಟರೆ, ದಾನಿ ಹನ್ನೆರಡು ದಿನದಲ್ಲಿ ಬೇಕೆಂದರೂ ಶುದ್ಧ ಪಾಠವೇ ಸಿಗುತ್ತದೆ. ಖರ್ಚು ಒಂದು ಸಲದ್ದು. ಒಂದು ಮಠವೋ ಟ್ರಸ್ಟೋ ವಿಶ್ವವಿದ್ಯಾಲಯದ ಕನ್ನಡ ವಿಭಾಗವೋ ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ.

ಅಡ್ಡಿ ಇರುವುದು ಹಣದಲ್ಲಲ್ಲ, ಹೆಸರಿನಲ್ಲಿ. ಸಾವಿರ ಪ್ರತಿ ಹಂಚಿದರೆ ಸಾವಿರ ಮನೆಯಲ್ಲಿ ದಾನಿಯ ಹೆಸರು ಉಳಿಯುತ್ತದೆ. ಬಿಡುಗಡೆಗೆ ಸಭೆ, ಶಾಲು, ಫಲತಾಂಬೂಲ ಇದೆ. ತಪ್ಪಿಲ್ಲದ ಪಾಠಕ್ಕೆ ಹಣ ಕೊಟ್ಟವನ ಹೆಸರು ಹಾಕುವ ರೂಢಿ ನಮ್ಮಲ್ಲಿ ಬೆಳೆದಿಲ್ಲ, ಏಕೆಂದರೆ ತಪ್ಪಿಲ್ಲದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಜುಲೈ 2ರಂದು ಹಳಕಟ್ಟಿಯವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಮನೆ ಮಾರಿದ ಕಥೆಯನ್ನು ಭಾಷಣಕಾರರು ಹೇಳುತ್ತಾರೆ. ಮನೆ ಮಾರಿದ್ದು ಒಂದು ದಿನದ ತ್ಯಾಗ, ಬಂದದ್ದು ಒಂದು ಯಂತ್ರ. ಆ ಯಂತ್ರದ ಪಕ್ಕದಲ್ಲಿ ಕೂತು ಗರಿ ಓದಿ, ಕರಡು ತಿದ್ದಿದ ಮೂರೂವರೆ ದಶಕಕ್ಕೆ ಅವರು ಯಾರಿಗೂ ಬಿಲ್ಲು ಕಳುಹಿಸಲಿಲ್ಲ. ಈ ವರ್ಷ ಅವರ ಹೆಸರಿನಲ್ಲಿ ಯಾರಾದರೂ ಏನಾದರೂ ಕೊಡಬೇಕೆಂದಿದ್ದರೆ, ಒಬ್ಬ ಕರಡು ತಿದ್ದುವವನಿಗೆ ಒಂದು ವರ್ಷದ ಸಂಬಳ ಕೊಡಲಿ.